ಮುಖದಲ್ಲೊಂದು ನಗು ಇಲ್ಲವಂತೆ

ನಮ್ಮ ಮನೆಯಲ್ಲಿ ಭಾನುವಾರದ ಊಟವಾದ ಮೇಲೆ ಹಳೇ ಹಾಲಿವುಡ್ ಸಿನಿಮಾ ಆಗಲೇಬೇಕು. ನಾನೂ ಮಗಳೂ ಸೋಫಾದ ಮೇಲೆ, ಹೆಂಡತಿ ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುತ್ತಾ ಕೂರುತ್ತಾಳೆ. "ಅಪ್ಪ ಮಗಳಿಗೆ ಬಣ್ಣದ ಸಿನಿಮಾ ಕಂಡ್ರೆ ಆಗಲ್ಲ" ಎಂದು ವಾರವಾರವೂ ಛೇಡಿಸುತ್ತಾಳೆ. ಚಿಕ್ಕಲಸಂದ್ರದಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ನಾನು ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು ಕೂತಿದ್ದೇನೆ. ಆದರೆ ಈ ಹುಚ್ಚು ಅದಕ್ಕಿಂತ ಹಳೆಯದು. ಕಾಲೇಜಿಗೆ ಚಕ್ಕರ್ ಹೊಡೆದು ಕಂಟೋನ್ಮೆಂಟ್ ಕಡೆ ಬೆಳಗಿನ ಆಟಕ್ಕೆ ಹೋಗುತ್ತಿದ್ದೆ. ಇಂಗ್ಲಿಷ್ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಮುಖಗಳನ್ನೇ ನೋಡುತ್ತಿದ್ದೆ.

ಅಯ್ಯೋ, ಎಂಥ ಮುಖಗಳವು! ನಮ್ಮ ಸಿನಿಮಾದಲ್ಲಿ ನಾಯಕಿಗೆ ದುಃಖವಾದರೆ ಕಂಬ ತಬ್ಬಿಕೊಂಡು ಅಳಬೇಕು, ಮೇಲಿಂದ ಒಂದು ಗುಡುಗು ಬೇರೆ. ಅಲ್ಲಿ ನೋಡಿದರೆ, ಪ್ರೀತಿಸಿದವನು ಬಾಗಿಲು ದಾಟಿ ಹೋಗುತ್ತಾನೆ, ಅವಳು ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಾಳೆ, ಅಷ್ಟೇ. ಗುಂಡಿ ಮಾತ್ರ ಕೈಯಲ್ಲಿ ನಿಲ್ಲುವುದಿಲ್ಲ. ನಾಯಕರಿಗಿಂತ ನನಗೆ ಹೆಚ್ಚು ಇಷ್ಟವಾದವರು ಪಕ್ಕದಲ್ಲಿ ನಿಂತು ಸುಮ್ಮನೆ ಕೇಳಿಸಿಕೊಳ್ಳುವ ಪಾತ್ರದವರು. ಮಗಳಿಗೆ ಚಿಕ್ಕಂದಿನಿಂದ ಅದನ್ನೇ ಹೇಳಿಕೊಟ್ಟೆ. "ಪುಟ್ಟೀ, ಮಾತಾಡೋರನ್ನ ನೋಡ್ಬೇಡ. ಕೇಳಿಸ್ಕೊತಾ ಇರೋರ ಕಣ್ಣು ನೋಡು." ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರಲ್ಲ, ನನ್ನ ಮಗಳು ತಾಯಿಯನ್ನು ಬಿಟ್ಟು ನನ್ನ ಥರ ಆದಳು. ನಕ್ಕರೂ ಕಣ್ಣಂಚಿನಲ್ಲೇ, ಅತ್ತರೂ ಅಲ್ಲೇ.

ಹೋದ ತಿಂಗಳು ಅಂಜನಾಪುರದ ಕಡೆಯಿಂದ ಅವಳನ್ನು ನೋಡಲು ಗಂಡಿನವರು ಬಂದರು. ಸಂಬಂಧ ತಂದವನು ನನ್ನ ಹೆಂಡತಿಯ ತಮ್ಮ. ಉಪ್ಪಿಟ್ಟು, ಕೇಸರಿಭಾತು, ಕಾಫಿ ಎಲ್ಲ ಆಯಿತು. ಹುಡುಗ ಹುಡುಗಿ ಟೆರೇಸಿಗೆ ಹೋಗಿ ಮಾತಾಡಿಕೊಂಡು ಬಂದರು. ಹುಡುಗನ ತಾಯಿ ನನ್ನ ಮಗಳ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ಅವಳು ಬಗ್ಗಿ ಖಾಲಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಇಟ್ಟುಕೊಂಡಳು. ಹುಡುಗನ ಲೋಟವನ್ನು ಮಾತ್ರ ತಟ್ಟೆಗೆ ಇಡದೆ ಕೈಯಲ್ಲೇ ಹಿಡಿದು ಒಳಗೆ ಹೋದಳು. ನನಗೆ ಮೈ ಜುಮ್ಮೆಂದಿತು. ಭೇಷ್ ಮಗಳೇ, ಎಂಥ ಅಭಿನಯ! ಎಂದು ಮನಸ್ಸಿನಲ್ಲೇ ಚಪ್ಪಾಳೆ ಹೊಡೆದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಎಲ್ಲರೂ ನೋಡಿದ್ದಾರೆ ಅಂದುಕೊಂಡೆ.

ಅವರು ಹೋದ ಮೇಲೆ ಅವಳು ನನ್ನ ಹತ್ತಿರ ಬಂದು, "ಅಪ್ಪಾ, ಇವ್ರೇ ಆಗ್ಲಿ" ಎಂದಳು. ಎಷ್ಟೋ ಹುಡುಗರನ್ನು ಬೇಡ ಎಂದಿದ್ದವಳು!

ಸಂಜೆ ನನ್ನ ಭಾವಮೈದ ಫೋನ್ ಮಾಡಿದ. "ಭಾವ, ಅವ್ರು ಹಿಂದೆ ಸರೀತಾವ್ರೆ. ಹುಡ್ಗಿಗೆ ಮನಸ್ಸಿಲ್ಲ, ಬಲವಂತಕ್ಕೆ ಕೂರ್ಸಿದಾರೆ ಅಂತಾರೆ. ಮುಖದಲ್ಲೊಂದು ನಗು ಇಲ್ವಂತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಂಡತಿ ನನ್ನ ಮೇಲೆ ಹರಿಹಾಯ್ದಳು. "ಇನ್ನೂ ತೋರ್ಸಿ ನಿಮ್ಮ ಸಿನಿಮಾನ! ಹೆಣ್ಣುಮಗಳಿಗೆ ಕಲ್ಲಿನ ಮುಖ ಮಾಡಿಟ್ರಲ್ಲ!" ನಾನು ಲೋಟದ ವಿಷಯ ಹೇಳಿದೆ. "ಲೋಟಾನ ಯಾರ್ರೀ ನೋಡ್ತಾರೆ?" ಎಂದಳು. ನಾವೇ ಫೋನ್ ಮಾಡಿ ಹೇಳೋಣವೆಂದರೆ, ಹೆಣ್ಣಿನ ಕಡೆಯವರು ಮೇಲೆ ಬಿದ್ದು ಹೋಗಬಾರದು ಎನ್ನುವುದು ನಮ್ಮವರ ರಿವಾಜು. ನಾವಿಬ್ಬರೂ ಅದನ್ನೇ ಎಳೆದಾಡುತ್ತಾ ಕೂತೆವು.

ಮಗಳು ರೂಮಿನಿಂದ ಹೊರಬಂದು, ನಮ್ಮೆದುರೇ ನಿಂತು ಆ ಹುಡುಗ ಟೆರೇಸಿನಲ್ಲಿ ಕೊಟ್ಟಿದ್ದ ನಂಬರಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದಳು.

"ನಂಗೆ... ನಂಗೆ ನೀವು ತುಂಬಾ ಇಷ್ಟ ಆಗಿದೀರ. ಯಾರದೂ ಬಲವಂತ ಇಲ್ಲ. ಮುಖದಲ್ಲಿ ತೋರ್ಸೋಕೆ ಬರ್ಲಿಲ್ಲ, ಸಾರಿ."

ಅಷ್ಟರಲ್ಲಿ ದನಿ ಒಡೆಯಿತು. ಮೂಗು ಕೆಂಪಾಗಿ, ತುಟಿ ಅದುರಿ, ಕಣ್ಣೀರು ಗಲ್ಲದಿಂದ ತೊಟ್ಟಿಕ್ಕಿತು. ನನ್ನ ಮಗಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಆ ಕಡೆಯಿಂದ ಹುಡುಗ ತೊದಲುತ್ತಾ ಹೇಳಿದ, "ಒಂದ್ನಿಮಿಷ ಇರಿ, ಅಮ್ಮನ್ನ ಕರೀತೀನಿ. ನಾನು ಹೇಳಿದ್ರೆ ನಂಬಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಮಗಳು ನನ್ನ ಮುಖ ನೋಡಿದಳು. ನಾನು ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಹೇಳು ಪುಟ್ಟಿ, ಜೋರಾಗಿ ಹೇಳು" ಎಂದೆ. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, "ಆಂಟೀ..." ಎಂದು ಶುರುಮಾಡಿ, ಮೇಲಿನ ಬಾಡಿಗೆಯವರಿಗೂ ಕೇಳುವ ಹಾಗೆ ಪೂರ್ತಿ ಇನ್ನೊಂದು ಸಲ ಹೇಳಿದಳು.

"ಅಯ್ಯೋ ನನ್ ಕಂದಾ, ಅಳ್ಬೇಡ ಕಣವ್ವಾ," ಎಂದರು ಆ ತಾಯಿ. "ಇವ್ನೂ ನಿಮ್ಮನೆಯಿಂದ ಬಂದಾಗಿಂದ ಊಟ ಬಿಟ್ಟು ಕೂತವ್ನೆ."