ಐನಾಪುರದಲ್ಲಿ ನಾರು

ಪುಂಡಿ ಸೊಪ್ಪಿನ ಪಲ್ಯ ಕಂಡಾಗೆಲ್ಲ ಐನಾಪುರದವರು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸು ನೆನಪಾಗುತ್ತಾರೆ. ಅವರ ಗಂಡ ದೊಡ್ಡಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆಹಾರ ಸಮೀಕ್ಷೆಗೆಂದು ಹೋದ ನನಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು.

“ನಿಮ್ಮ ಊಟದಾಗ ನಾರು ಭಾಳ ಅದ್ರಿ ಖಾಲಾ,” ಎಂದೆ.

“ನನ್ನ ಅಡಗಿ ನಾರ್ತದಂತಿಯೇನಪಾ?” ಎನ್ನುತ್ತ ತಾಟು ಹಿಂದಕ್ಕೆಳೆದುಕೊಂಡರು.

ರೊಟ್ಟಿಯ ನಾರು ಕರುಳಿನ ಪಿತ್ತಾಮ್ಲವನ್ನು ಹಿಡಿದು ಹೊರಸಾಗಿಸುತ್ತದೆ, ಆ ಕ್ಯಾನ್ಸರಿನ ಅಪಾಯ ತಗ್ಗುತ್ತದೆ ಎಂದು ಬಿಡಿಸಿ ಹೇಳಿದೆ.

“ನಮ್ಮ ಮನಿಯವರೂ ಇದೇ ರೊಟ್ಟಿ ತಿಂದಾರಪಾ. ಇನ್ನ ನನ್ನ ಮಗನ ಗತಿ?”

“ರೊಟ್ಟಿ ಒಂದೇ ಸಾಲಲ್ರಿ. ಮನಿತನದಾಗ ಈ ರೋಗ ಬಂದದ, ಮಗನಿಗಿ ಒಮ್ಮೆ ತಪಾಸಣಿ ಮಾಡಸ್ರಿ.”

ಖಾಲಾ ಕೂಡಲೇ ವಾಡಿ ಊರಿನಲ್ಲಿ ಕೆಲಸಕ್ಕಿದ್ದ ಮಗನಿಗೆ ಫೋನು ಹಚ್ಚಿದರು. “ನಾಳಿ ರಜಾ ಹಾಕು, ದವಾಖಾನಿಗಿ ಹೋಗೋದದ.”

ಆಮೇಲೆ ತಾಟು ನನ್ನ ಮುಂದಕ್ಕೆ ಸರಿಸಿ ಇನ್ನೊಂದು ರೊಟ್ಟಿ ಹಾಕಿದರು. ಉಣ್ಣುವುದರಲ್ಲಿ ನನ್ನ ಸಮೀಕ್ಷೆಯ ಪ್ರಶ್ನಾವಳಿ ಮಾತ್ರ ಖಾಲಿಯೇ ಉಳಿಯಿತು.