ಮಾವಶಿಗೆ ಒಯ್ದ ಬನ್ನಿ

ಆಕೆ ಮನೆಯಲ್ಲಿ ಇರದೇ ಹೋಗಬಹುದು. ಇದ್ದೂ ಇಲ್ಲ ಅಂತ ಒಳಗಿನಿಂದ ಹೇಳಿಸಬಹುದು. ಹೊರಗೆ ಬಂದು, ನನ್ನ ಮುಖ ನೋಡಿ, ಒಂದು ಮಾತೂ ಆಡದೆ ಒಳಗೆ ಹೋಗಬಹುದು. ಕ್ರಿಶ್ಚನ್ನರ ಮನೆಗೆ ಬನ್ನಿ ತಂದಿದ್ದಾರಲ್ಲ ಅಂತ ಊರವರು ನಗಬಹುದು. ಪೇಢೆಯ ವಿಷಯವನ್ನು ಆಕೆ ಎಲ್ಲರ ಮುಂದೆ ಎತ್ತಬಹುದು. ಎತ್ತದೆ ಸುಮ್ಮನೆ ಚಹಾ ಕೊಟ್ಟು ಕಳಿಸಿದರೆ ಅದು ಇನ್ನೂ ಕಷ್ಟ. ನಾಯಿ ಇರಬಹುದು. ಕಟ್ಟಿ ಹಾಕದ ನಾಯಿ ಇರಬಹುದು. ಸ್ಕೂಟರು ಕಾಡಿನ ನಡುವೆ ಕೆಟ್ಟು ನಿಲ್ಲಬಹುದು, ನಿಂತಲ್ಲಿಗೆ ಆನೆ ಬರಬಹುದು... ಪಟ್ಟಿ ಆನೆಯ ತನಕ ಬಂದಾಗ ಗಾಡಿ ಓಡಿಸುತ್ತಿದ್ದ ನಮ್ಮನೆಯವರು, "ಸಾಕ ಮಾಡ ಇನ್ನ, ನಾವಿನ್ನೂ ದಾಂಡೇಲಿನ ದಾಟಿಲ್ಲ," ಅಂದರು.

ಇಪ್ಪತ್ತೈದು ವರ್ಷದ ಹಿಂದಿನ ಆ ವಿಜಯದಶಮಿಯ ಮಧ್ಯಾಹ್ನ ಈಗ ನೆನಪಾಗಿದ್ದು ಒಂದು ಡಬ್ಬಿಯಿಂದ. ಹುಬ್ಬಳ್ಳಿಯಲ್ಲಿರುವ ಮಗಳು ಈ ಸಲ ದಸರೆಗೆ ನಮ್ಮ ಮುಂಡಗೋಡದ ಮನೆಗೆ ಪಾರ್ಸಲ್ ಕಳಿಸಿದ್ದಳು. ನೀಲಿ ಮಖಮಲ್ಲು ಹೊದಿಸಿದ ಡಬ್ಬಿ, ಒಳಗೆ ಐದು ಬನ್ನಿ ಎಲೆ. ಪ್ಲಾಸ್ಟಿಕ್ಕಿನವು, ಮೇಲೆ ಚಿನ್ನದ ಬಣ್ಣ. ಮುಚ್ಚಳ ತೆಗೆದರೆ ಹೊಸದಾಗಿ ಬಣ್ಣ ಹಚ್ಚಿದ ಗೇಟಿನ ವಾಸನೆ. ಫೋನಿನಲ್ಲಿ ಮಗಳು, "ಅವ್ವಾ, ಇದು ಇಕೋ ಫ್ರೆಂಡ್ಲಿ. ಒಂದೂ ಗಿಡ ಹರದಿಲ್ಲ, ವರ್ಷಾ ವರ್ಷಾ ಇದನ್ನ ಕೊಡಬಹುದು," ಅಂದಳು. ಪೂರಾ ಸುಳ್ಳಲ್ಲ ಅದು. ದಸರೆ ಬಂತೆಂದರೆ ಬನ್ನಿ ಗಿಡಗಳನ್ನು ನಮ್ಮ ಜನ ಬೋಳು ಮಾಡಿ ಬಿಡುವುದನ್ನು ನಾನೂ ನೋಡಿದ್ದೇನೆ. ಪ್ರೀತಿಯಿಂದ ಕಳಿಸಿದ್ದು ಅಂತ ಡಬ್ಬಿಯನ್ನು ಶೋಕೇಸಿನಲ್ಲಿಟ್ಟೆ. ಇಟ್ಟು ತಿರುಗುವಷ್ಟರಲ್ಲಿ ಮಾವಶಿ ನೆನಪಾದಳು.

ಮಾವಶಿ ಅಂದರೆ ತಾಯಿಯ ತಂಗಿ. ಈಕೆ ನನಗೆ ಬಳಗವಲ್ಲ. ಹಳಿಯಾಳ ರಸ್ತೆಯ ಒಂದು ಹಳ್ಳಿಯಿಂದ ಬುಟ್ಟಿ ಹೊತ್ತು ಕಾಯಿಪಲ್ಲೆ ಮಾರಲು ಬರುತ್ತಿದ್ದ ಸಿದ್ದಿ ಹೆಣ್ಣುಮಗಳು. ನಾನು ಮದುವೆಯಾಗಿ ನವಲಗುಂದದ ಕಡೆಯಿಂದ ದಾಂಡೇಲಿಗೆ, ಕಾಗದ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದು ವರ್ಷವೂ ಆಗಿರಲಿಲ್ಲ. ನಮ್ಮ ಸಾಲಿನವರೆಲ್ಲ ಧಾರವಾಡ, ಬೆಳಗಾವಿ ಜಿಲ್ಲೆಯ ಎರೆಮಣ್ಣಿನ ಬಯಲಿನಿಂದ ಬಂದವರು. ಸುತ್ತ ಅಷ್ಟು ದೊಡ್ಡ ಕಾಡಿದ್ದರೂ ನಮಗೆ ಗುರುತು ಸಿಗುವ ಗಿಡ ಎರಡೇ, ಬೇವು ಮತ್ತು ಜಾಲಿ. ನನಗಂತೂ ಕಾಡಿನ ಪ್ರತಿ ಸದ್ದೂ ಒಂದು ಅನುಮಾನ. ಮಂಗಳವಾರ, ಶುಕ್ರವಾರ ಮಾವಶಿ ನಮ್ಮ ಬಾಗಿಲ ಮುಂದಿನ ಪಾವಟಿಗೆಯ ಮೇಲೆ ಬುಟ್ಟಿ ಇಳಿಸಿ, ಚಹಾ ಕುಡಿಯುತ್ತ ನನ್ನ ಅನುಮಾನಗಳನ್ನು ಒಂದೊಂದಾಗಿ ವಿಚಾರಣೆ ಮಾಡುತ್ತಿದ್ದಳು. ರಾತ್ರಿ ಕೆಮ್ಮಿದ್ದು ಕಳ್ಳನಲ್ಲ, ಜಿಂಕೆ. ಹಂಚಿನ ಮೇಲೆ ನಡೆದದ್ದು ಹಾವಲ್ಲ, ಹಾವು ನಡೆಯುವುದಿಲ್ಲ. ನನ್ನನ್ನು ಕೊಂಕಣಿಯವರ ಹಾಗೆ "ಬಾಯ್" ಅಂತ ಕರೆಯುತ್ತಿದ್ದಳು. ಆ ಊರಿನಲ್ಲಿ ನನ್ನ ಭಯಗಳನ್ನು ನಗದೆ ಕೇಳಿದವಳು ಆಕೆಯೊಬ್ಬಳೇ. ನಗುತ್ತಿದ್ದಳು, ಆದರೆ ಕೇಳಿ ಮುಗಿದ ಮೇಲೆ.

ಬುಟ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲವೂ ಇರುತ್ತಿರಲಿಲ್ಲ. ಎಲ್ಲ ತೇಗದ ಎಲೆಯಲ್ಲಿ ಸುತ್ತಿದ್ದು. ಪರಿಸರದ ಮೇಲಿನ ಕಾಳಜಿ ಅಂತ ನಾನು ಈಗ ಮಕ್ಕಳಿಗೆ ಪಾಠ ಮಾಡುವ ಮಾತು ಆಕೆಗೆ ಗೊತ್ತೇ ಇರಲಿಲ್ಲ. ಚೀಲದಲ್ಲಿ ಕಾಯಿಪಲ್ಲೆ ಬೆವರುತ್ತದೆ, ಅಷ್ಟೇ ಆಕೆಯ ತಕರಾರು. ಇನ್ನೊಂದು ರೂಢಿಯಿತ್ತು. ನಾನು ಏನಾದರೂ ಮಾಡಿದ್ದನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರೆ ಆ ಡಬ್ಬಿ ಎಂದೂ ಖಾಲಿ ತಿರುಗಿ ಬರುತ್ತಿರಲಿಲ್ಲ. ಎರಡು ಲಿಂಬೆ, ಒಂದು ಹಿಡಿ ಸಣ್ಣ ಮೆಣಸಿನಕಾಯಿ, ಏನೂ ಇಲ್ಲದಿದ್ದರೆ ನಾಲ್ಕು ಕರಿಬೇವಿನ ಎಲೆ. ಖಾಲಿ ಡಬ್ಬಿ ಕೊಡುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ.

ಆ ವರ್ಷ ಚೌತಿಗೆ ಆಕೆಗೆ ಏನಾದರೂ ಕೊಡಬೇಕು ಅನ್ನಿಸಿತು. ಕೊಡಬೇಕು ಅನ್ನಿಸಿದ್ದು ಒಳ್ಳೆಯದೇ, ಅದಕ್ಕಾಗಿ ಸ್ವಲ್ಪವೂ ದಣಿಯಬಾರದು ಅನ್ನಿಸಿದ್ದು ನನ್ನ ಬುದ್ಧಿ. ಪಕ್ಕದ ಮನೆಯಿಂದ ಬಂದ ಪೇಢೆಯ ಡಬ್ಬಿ ಇತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನದು, ಮೇಲೆ ಬಣ್ಣದ ಕಾಗದ, ರಿಬ್ಬನ್ನು. ಬಿಚ್ಚಿರಲಿಲ್ಲ. ಹಾಗೇ ಕೊಟ್ಟೆ. ಆಕೆ ಎರಡೂ ಕೈಯಿಂದ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಬುಟ್ಟಿಯಲ್ಲಿ ಕಾಯಿಪಲ್ಲೆಯ ಮೇಲೆ ಇಟ್ಟುಕೊಂಡು ಹೋದಳು. ಅದು ಮಂಗಳವಾರ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ ಪಾವಟಿಗೆಯ ಮೇಲೆ ಡಬ್ಬಿ. ತೊಳೆದು, ಒರೆಸಿ, ಮುಚ್ಚಳ ಪಕ್ಕಕ್ಕೆ ಇಟ್ಟಿದ್ದಳು. ಒಳಗೆ ಏನೂ ಇಲ್ಲ. ಒಂದು ಕರಿಬೇವಿನ ಎಲೆಯೂ ಇಲ್ಲ. ಮೂಲೆಯಲ್ಲಿ ಮಾತ್ರ ತೊಳೆದರೂ ಹೋಗದ ಹಸಿರು ಬೂಷ್ಟಿನ ಗುರುತು. ಹಿಂದಿನ ಸಾಲಿನಿಂದ ಆಕೆ ಕಾಯಿಪಲ್ಲೆ ಕೂಗುವುದು ಕೇಳುತ್ತಿತ್ತು. ನಮ್ಮ ಸಾಲಿಗೆ ಬರಲಿಲ್ಲ.

ಪಕ್ಕದ ಮನೆಯಾಕೆಯನ್ನು ಕೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಾವೂ ಬಿಚ್ಚಿ ನೋಡಿದ್ದಿಲ್ಲರೀ, ನಮಗೂ ಬಂದದ್ದ ಅದು," ಅಂದಳು. ಆಮೇಲೆ ಲೆಕ್ಕ ಹಾಕಿದರೆ ಆ ಡಬ್ಬಿ ನಮ್ಮ ಮನೆಗೆ ಬರುವ ಮೊದಲು ಮೂರು ಮನೆ ನೋಡಿತ್ತು. ಎಲ್ಲರೂ ಹಬ್ಬದ ಮರ್ಯಾದೆ ಉಳಿಸಿಕೊಂಡಿದ್ದರು, ಯಾರೂ ಪೇಢೆ ತಿಂದಿರಲಿಲ್ಲ. ಬೂಷ್ಟು ಹಿಡಿಯುವ ಹೊತ್ತಿಗೆ ಅದು ಕಾಯಿಪಲ್ಲೆ ಬುಟ್ಟಿಗೆ ಬಂದಿತ್ತು... ಬಹಳ ಸಲ ಹೀಗೇ ಆಗುತ್ತದೆ, ಯಾರಿಗೂ ಬೇಡಾದದ್ದು ಕೊನೆಗೆ ಇಲ್ಲದವರ ಬುಟ್ಟಿಗೇ ಹೋಗುತ್ತದೆ.

ಮುಂದಿನ ಮಂಗಳವಾರ ಮಾವಶಿ ಬರಲಿಲ್ಲ. ಶುಕ್ರವಾರವೂ ಇಲ್ಲ. ಹಿಂದಿನ ಸಾಲಿನಲ್ಲೂ ಕೂಗು ಕೇಳಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಇಡೀ ಕಾಲೋನಿಯನ್ನೇ ಬಿಟ್ಟಳು ಅಂತ ನಾನು ತಿಳಿದೆ. ನನ್ನ ಚಿಂತೆಯಲ್ಲಿ ನಾನು ಯಾವಾಗಲೂ ಬಹಳ ದೊಡ್ಡ ಮನುಷ್ಯಳು. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಪೇಢೆಯ ಕಥೆ ಹೊರಬೀಳುತ್ತದೆ ಅಂತ ಕೇಳಲಿಲ್ಲ. ಹೀಗೆ ಒಂದು ತಿಂಗಳು. ನಮ್ಮನೆಯವರಿಗೆ ದಿನಾ ರಾತ್ರಿ ಊಟದ ಜೊತೆ ಇದನ್ನೇ ಬಡಿಸಿದೆ. ಕೊನೆಗೆ ಅವರೇ, "ದಸರಾಕ್ಕ ಬನ್ನಿ ಹಿಡಕೊಂಡು ಹೋಗೂಣು. ಬನ್ನಿ ತಂದವರನ್ನ ತಿರುಗಿ ಕಳಸಾಕ ಬರೂದಿಲ್ಲ," ಅಂದರು.

ಅದು ಖರೇ. ನಮ್ಮ ಕಡೆ ದಸರೆಯ ದಿನ ಬನ್ನಿ ಎಲೆಯೇ ಬಂಗಾರ. ಕೈಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನಬೇಕು, ಸಣ್ಣವರು ದೊಡ್ಡವರ ಕಾಲು ಮುಟ್ಟಬೇಕು, ವರ್ಷದ ಜಗಳವಿದ್ದರೂ ಅವತ್ತು ಮಾತಾಡಬೇಕು. ತೆಗೆದುಕೊಂಡ ಎಲೆಯನ್ನೇ ಮುಂದಿನ ಮನೆಯಲ್ಲಿ ಕೊಡಬಹುದು. ಕೈಯಿಂದ ಕೈಗೆ ಹೋಗುವುದು ಎಲೆಗೆ ಚಂದ, ಪೇಢೆಗೆ ಅಲ್ಲ. ಆಕೆ ಕ್ರಿಶ್ಚನ್ನಳು, ಇದು ಆಕೆಯ ಹಬ್ಬವಲ್ಲ. ಆದರೆ ನನ್ನ ಕೈಯಲ್ಲಿ ಬೇರೆ ದಾರಿಯೂ ಇರಲಿಲ್ಲ.

ನಮ್ಮ ಸಾಲಿಗೆಲ್ಲ ಬನ್ನಿ ತರುವ ಗುತ್ತಿಗೆ ನಮ್ಮನೆಯವರದು. ಪ್ರತಿ ವರ್ಷ ಊರಿಗೆ ಹೋಗಿ ಚೀಲ ತುಂಬ ತರುತ್ತಿದ್ದರು. ಆ ವರ್ಷ ರಜೆ ಸಿಗಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಸ್ಕೂಟರು ತೆಗೆದುಕೊಂಡು ಹೋದವರು ತಾಸಿನಲ್ಲಿ ಚೀಲ ತುಂಬಿಕೊಂಡು ಬಂದರು. "ಸೂಪಾ ರಸ್ತಿ ದಂಡಿಗೇ ಐತಿ! ಇಷ್ಟ ವರ್ಷ ಸುಮ್ನ ಊರಿಗೆ ಅಡ್ಡಾಡಿದೆ ನೋಡು." ಎಲೆ ಸ್ವಲ್ಪ ದೊಡ್ಡದಲ್ಲವೇ ಅಂದೆ. "ಇಲ್ಲಿ ಮಳಿ ಜಾಸ್ತಿ, ಅದಕ್ಕ," ಅಂದರು. ನಾನು ಆನೆಯ ಚಿಂತೆಯಲ್ಲಿದ್ದೆ, ಬಿಟ್ಟೆ. ಮಧ್ಯಾಹ್ನದೊಳಗೆ ಸಂಜೆಯ ಸಲುವಾಗಿ ಸಾಲಿನವರೆಲ್ಲ ತಮ್ಮ ತಮ್ಮ ಪಾಲು ಒಯ್ದಿದ್ದರು. ನಾವಿಬ್ಬರೂ ಒಂದು ಹಿಡಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆವು.

ಮಾವಶಿ ಮನೆಯಲ್ಲೇ ಇದ್ದಳು. ಪಡಸಾಲೆಯಲ್ಲಿ ಗೋಡೆಗೆ ಒರಗಿ, ಎಡಗಾಲು ಚಾಚಿ, ಅದಕ್ಕೆ ಏನೋ ಸೊಪ್ಪು ಅರೆದು ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ನಾಯಿ ಇತ್ತು, ಎದ್ದೂ ನೋಡಲಿಲ್ಲ. ನಾನು ಅಂಗಳದಲ್ಲೇ ನಿಂತೆ.

"ಬಾಯ್, ಈಗ ಸಿಕ್ಕಿತೇನ ದಾರಿ?" ಅಂದಳು.

ನಾನು ಕಲಿತುಕೊಂಡು ಬಂದಿದ್ದ ಮಾತೆಲ್ಲ ಮರೆತು ಹೋಯಿತು. ಹತ್ತಿರ ಹೋಗಿ ಎಲೆ ಕೈಗಿಟ್ಟು, ಬಂಗಾರದಂಗ ಇರೂಣು ಅಂದು ಕಾಲು ಮುಟ್ಟಲು ಬಗ್ಗಿದೆ. "ಬಲಗಾಲ ಮುಟ್ಟ," ಅಂದಳು, "ಎಡಗಾಲ ಮುಟ್ಟಿದ್ರ ಒದೀತೇನಿ. ಭಾಳ ನೋವೈತಿ." ಎಲೆಯನ್ನು ಹಣೆಗೆ ಒತ್ತಿಕೊಂಡಳು. ಸೊಸೆಯ ಕೈಯಲ್ಲಿ ಅದರಲ್ಲೊಂದು ಎಸಳು ಕೊಟ್ಟು ಒಳಗಿನ ಮೇರಿಯಮ್ಮನ ಪಟದ ಮುಂದೆ ಇಡಿಸಿದಳು.

"ಮಾವಶಿ, ಆ ಪೇಢೆ..." ಅಂದೆ.

"ಹುಡುಗರನ್ನ ಕುಂದ್ರಿಸಿಕೊಂಡು ತಗದೆ, ಬಾಯ್," ಅಂದಳು. "ಕೈ ಚಾಚಿದ್ವು." ಅಷ್ಟು ಹೇಳಿ ಅಂಗಳದ ಕಡೆ ನೋಡಿದಳು. ನಾನೂ ಅಂಗಳ ನೋಡಿದೆ... ಡಬ್ಬಿ ಮೂರು ಮನೆ ಸುತ್ತಿ ಬಂದ ಕಥೆ ಹೇಳಿದೆ. ನಾನು ಬಿಚ್ಚಿ ನೋಡದೆ ಕೊಟ್ಟೆ, ನಿನಗೆ ಅಂತ ಒಂದು ತಾಸು ಒಲೆಯ ಮುಂದೆ ನಿಲ್ಲಲಿಲ್ಲ ಅಂತಲೂ ಹೇಳಿದೆ. ಆಕೆ ಕೇಳಿ ಮುಗಿಸಿ, "ಸಿಟ್ಟ ಬಂದಿತ್ತು," ಅಂದಳು. "ಮೂರ ದಿವಸ. ಡಬ್ಬಿ ನಿನ್ನ ಪಾವಟಿಗಿ ಮ್ಯಾಲೆ ಇಟ್ಟೆ, ಇಳೀತು."

"ಮತ್ತ ತಿಂಗಳಾತು, ಬರಲಿಲ್ಲ?"

ಆಕೆ ಎಡಗಾಲನ್ನು ತೋರಿಸಿದಳು. "ಮರುದಿನನ ಗದ್ದಿ ಬದುವಿನಿಂದ ಬಿದ್ದೆ. ಬುಟ್ಟಿ ಹೊತಗೊಂಡು ಕುಂಟಲೇನು? ನಿಮ್ಮ ಸಾಲಿನಾಗ ಇಷ್ಟ ಮಂದಿ ಇದ್ದೀರಿ, ಕಾಯಿಪಲ್ಲೆ ಮಾವಶಿ ಎಲ್ಲಿ ಹೋದ್ಲು ಅಂತ ಯಾರರ ಕೇಳಿದ್ರೇನು?"

ತಿಂಗಳು ಪೂರ್ತಿ ನಾನು ಆಕೆಯ ಬಗ್ಗೆಯೇ ಯೋಚನೆ ಮಾಡಿದ್ದೆ ಅಂದುಕೊಂಡಿದ್ದೆ. ಮಾಡಿದ್ದು ನನ್ನ ಬಗ್ಗೆ. ಆದರೂ ಸುಳ್ಳು ಯಾಕೆ, ನಾಚಿಕೆಯ ಹಿಂದೆಯೇ ಎದೆ ಹಗುರಾಯಿತು. ಮೂರೇ ದಿನದ ಸಿಟ್ಟು! ಅಳು ಬಂತು. "ಅಳಬ್ಯಾಡ, ಮಂದಿ ನಾನ ಬೈದೆ ಅಂತಾರ," ಅಂದಳು ಮಾವಶಿ, ಮತ್ತು ಕೈಯಲ್ಲಿದ್ದ ಎಲೆಯನ್ನು ಮೊದಲ ಸಲ ತಿರುವಿ ನೋಡಿದಳು.

ಒಂದು ಎಳೆಯ ಕುಡಿ ಮುರಿದು ಕಚ್ಚಿದಳು. ಬಾಯಿಯ ಮೂಲೆ ಅಲುಗಿತು. "ಸಾಹೇಬ್ರ, ಇದನ್ನ ಎಲ್ಲಿ ಹರದ್ರಿ?"

"ಸೂಪಾ ರಸ್ತಿ ದಂಡಿಗೆ," ಅಂದರು ನಮ್ಮನೆಯವರು, ಎದೆ ಮುಂದೆ ಮಾಡಿ. "ದೊಡ್ಡ ಮರದ ಮ್ಯಾಲೆ ತುಂಬ ಹಬ್ಬೇತ್ರಿ."

"ಬನ್ನಿ ಯಾವಾಗಿಂದ ಹಬ್ಬಾಕ ಹತ್ತೇತ್ರಿ?"

ನಮ್ಮನೆಯವರ ಎದೆ ನಿಧಾನವಾಗಿ ತನ್ನ ಜಾಗಕ್ಕೆ ಬಂತು. "ಇದು ಸೀಗಿ," ಅಂದಳು ಮಾವಶಿ. "ತಲಿಗೆ ಹಚ್ಚಕೊಳ್ಳೋ ಸೀಗೇಕಾಯಿ ಬಳ್ಳಿ. ಬಂಗಾರ ಅಂತ ಸೀಗಿ ಹಿಡಕೊಂಡು ಬಂದಾರ, ಬಯಲಶೀಮಿ ಮಂದಿ!" ನಗು ಶುರುವಾದದ್ದು ಹಾಗೆ. ಸೊಸೆ ಹೊರಗೆ ಬಂದು ನಕ್ಕಳು, ಪಕ್ಕದ ಮನೆಯವರು ಬಂದು ಯಾಕೆ ಅಂತ ಗೊತ್ತಿಲ್ಲದೆ ನಕ್ಕರು, ನಕ್ಕಾಗ ಕಾಲು ನೋಯುತ್ತದೆ ಅಂತ ಮಾವಶಿ ಬಯ್ಯುತ್ತ ನಕ್ಕಳು. ಆಮೇಲೆ ಎಳೆ ಕುಡಿಗಳನ್ನೆಲ್ಲ ಆರಿಸಿ, ಕಾಯಿ, ಮೆಣಸಿನಕಾಯಿ ಹಾಕಿ ಚಟ್ನಿ ಅರೆಸಿದಳು. ಹುಳಿಯಾಗಿ ಬಹಳ ಚೆನ್ನಾಗಿತ್ತು. ಅಕ್ಕಿ ರೊಟ್ಟಿಯ ಜೊತೆ ನಮ್ಮ ಬಂಗಾರವನ್ನು ತಿಂದು ಎದ್ದೆವು. ಪಟದ ಮುಂದಿನ ಎಸಳನ್ನು ಮಾತ್ರ ಆಕೆ ತೆಗೆಯಗೊಡಲಿಲ್ಲ.

ದಾರಿಯಲ್ಲಿ ಇಬ್ಬರಿಗೂ ಒಂದೇ ವಿಚಾರ: ಸಾಲಿನ ಮನೆಮನೆಯಲ್ಲಿ ಸೀಗೆ ಕಾಯುತ್ತಿದೆ. ಹೇಳುವುದೋ ಬೇಡವೋ? ಸಂಜೆ ಮನೆ ಮುಟ್ಟುವಷ್ಟರಲ್ಲಿ ಶುರುವಾಗಿ ಹೋಗಿತ್ತು. ಹೊಸ ಬಟ್ಟೆ ಉಟ್ಟು, ಕೈ ತುಂಬ ಸೀಗೆ ಹಿಡಿದು, ಎಲ್ಲರೂ ಎಲ್ಲರಿಗೂ ಬಂಗಾರದಂಗ ಇರೂಣು ಅನ್ನುತ್ತಿದ್ದರು. ಕೊನೆಯ ಮನೆಯ ಹಿರಿಯರು ಎಲೆಯನ್ನು ಮೂಗಿಗೆ ಹಿಡಿದು, "ಏನರ ಅನ್ನು ತಮ್ಮಾ, ಧಾರವಾಡ ಕಡೆ ಬನ್ನಿ ವಾಸನಿನ ಬ್ಯಾರೆ," ಅಂದರು. ನಮ್ಮನೆಯವರು ಅವರ ಕಾಲು ಮುಟ್ಟಲು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎಂಥ ಭಕ್ತಿ ಅಂತ ಹಿರಿಯರು ತಲೆ ಸವರಿದರು. ನಾವು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಹದಿನೈದು ದಿನಕ್ಕೆ ಮಾವಶಿ ಕುಂಟುತ್ತಲೇ ಬಂದಳು. ದೀಪಾವಳಿಗೆ ನಾನೇ ಕರಿದ ಚಕ್ಕಲಿ ಕೊಟ್ಟೆ, ಆಕೆ ತನ್ನೆದುರಿಗೇ 'ಮೊದಲು ನೀ ತಿನ್ನು' ಅಂತ ನನಗೇ ಒಂದು ತಿನ್ನಿಸಿ ಒಯ್ದಳು. ಅದು ಚೇಷ್ಟೆಯೋ ಪರೀಕ್ಷೆಯೋ, ನನಗೆ ಪೂರ್ತಿ ಗೊತ್ತಾಗಲಿಲ್ಲ. ಆ ನಂತರ ದಾಂಡೇಲಿಯಲ್ಲಿ ಇದ್ದಷ್ಟೂ ವರ್ಷ ನಮ್ಮ ಮೊದಲ ಬನ್ನಿ ಹೋಗುತ್ತಿದ್ದದ್ದು ಆಕೆಯ ಮನೆಗೆ. ನವಲಗುಂದದಿಂದಲೇ ತರುತ್ತಿದ್ದೆವು, ಗಿಡಕ್ಕೆ ತಿಳಿಯದ ಹಾಗೆ ನಾಲ್ಕೇ ಎಸಳು. ಆಕೆ ಅಕ್ಕಸಾಲಿಗನ ಹಾಗೆ ತಿರುವಿ ನೋಡಿ, ತುದಿ ಕಚ್ಚಿ, "ಹೂಂ, ಈ ಸಲ ಖರೇ ಐತಿ," ಅಂದ ಮೇಲೆಯೇ ಕಾಲು ಮುಂದೆ ಮಾಡುತ್ತಿದ್ದಳು.

ನನಗೆ ಶಾಲೆಯ ನೌಕರಿ ಸಿಕ್ಕು ಮುಂಡಗೋಡಕ್ಕೆ ಬಂದೆವು. ಮೊದಮೊದಲು ವರ್ಷಕ್ಕೊಮ್ಮೆ ಹೋಗುತ್ತಿದ್ದೆವು. ಆಮೇಲೆ ಎರಡು ವರ್ಷಕ್ಕೊಮ್ಮೆ, ಆಮೇಲೆ... ಮೂರು ವರ್ಷದ ಹಿಂದೆ ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಸೊಸೆ ಸಿಕ್ಕಳು. ಮಾವಶಿ ತೀರಿ ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಆಕೆ ಹೇಗಿದ್ದಾಳೆ ಅಂತ ಯಾರನ್ನಾದರೂ ಕೇಳಬಹುದಿತ್ತು ನಾನು. ಆ ಸಲವೂ ಕೇಳಿರಲಿಲ್ಲ. ಸೊಸೆ ಬೈಯಲಿಲ್ಲ. ನನ್ನ ಕೈ ಹಿಡಿದು, "ನಿಮ್ಮ ಸೀಗಿ ಕಥಿ ಕಡೀ ತನಕ ಹೇಳಿ ಹೇಳಿ ನಗ್ತಿದ್ಲು," ಅಂದಳು. ಬಸ್ಸು ಬರುವ ತನಕ ನಾವಿಬ್ಬರೂ ಹಾಗೇ ನಿಂತಿದ್ದೆವು.

ಈ ದಸರೆಗೆ ಶಾಲೆಯ ಹಿಂದಿನ ಗಿಡದಿಂದ ಒಂದು ಹಿಡಿ ಬನ್ನಿ ತಂದೆ. ಶಾಲೆ ಗುಡಿಸುವಾಕೆ ನನಗಿಂತ ದೊಡ್ಡವಳು. ಮೊದಲು ಆಕೆಗೆ ಕೊಟ್ಟು ಕಾಲು ಮುಟ್ಟಿದೆ. ಗಾಬರಿಯಾದಳು, ಆಮೇಲೆ ನಕ್ಕು ತಲೆ ಮೇಲೆ ಕೈಯಿಟ್ಟಳು. ಮೊಣಕಾಲು ನೋವು ಹೇಗಿದೆ ಅಂತ ಕೇಳಿದೆ, ಹೇಳಿದಳು, ನಿಂತು ಕೇಳಿದೆ. ಸಂಜೆಯ ತನಕ ಎಲೆ ಕೈಯಿಂದ ಕೈಗೆ ಹೋಯಿತು. ಎಲ್ಲ ಸುಸೂತ್ರವಾಗಿ ನಡೆಯಿತು. ಎಲ್ಲರೂ ಹಣೆಗೆ ಮುಟ್ಟಿಸಿ ತೆಗೆದುಕೊಂಡರು; ತುದಿ ಕಚ್ಚಿ ನೋಡಿದವರು ಒಬ್ಬರೂ ಇರಲಿಲ್ಲ.