ಅವ್ವನ ಕೋಟೆಗೆ ಗುಡ್ಡವಿರಲಿಲ್ಲ

ಆಗೆಲ್ಲ ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ಗಲ್ಲಿಗಳಲ್ಲಿ ಹಸಿಮಣ್ಣಿನ ವಾಸನೆ ಏಳುತ್ತಿತ್ತು. ಪರೀಕ್ಷೆ ಮುಗಿಸಿದ ಮಕ್ಕಳು ಇಟ್ಟಿಗೆಯ ಮೇಲೆ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ, ಅಂಗಳದಲ್ಲಿ ಕಿಲ್ಲಾ, ಅಂದರೆ ಪುಟ್ಟ ಕೋಟೆ, ಕಟ್ಟುತ್ತಿದ್ದರು. ಇಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಆ ವರ್ಷವಷ್ಟೇ ವಿಜಯಪುರದಿಂದ ಬಂದಿದ್ದೆವು. ಅಪ್ಪನಿಗೆ ಶಿವಾಜಿನಗರದ ಕಚೇರಿಯಿತ್ತು; ಅವ್ವನಿಗೂ ನನಗೂ ಯಾರೂ ಇರಲಿಲ್ಲ. ಅವ್ವನಿಗೆ ಮರಾಠಿ ಬಾಯಿಗೆ ಹತ್ತಿರಲಿಲ್ಲ. ನಾನು ಕಿಟಕಿಯ ಸರಳು ಹಿಡಿದು ಬೇರೆಯವರ ಕಿಲ್ಲಾ ನೋಡುತ್ತಿದ್ದೆ. ಯಾರೂ ಕರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಚಕ್ಕಲಿ ಹಿಟ್ಟಿನ ಕೈ ತೊಳೆದುಕೊಂಡು ಬಂದಳು.

"ಬಾರವ್ವಾ ಸುಮಿ, ನಾವೂ ಕಟ್ಟೂಣು. ನೋಡಾಕ ಹುಡುಗ್ರು ಬರ್ತಾರ. ನಿನಗ ಗೆಳತ್ಯಾರು ಸಿಗ್ತಾರ."

ನಮಗೆ ಗೊತ್ತಿದ್ದ ಕೋಟೆ ವಿಜಯಪುರದ್ದು. ಬಯಲಲ್ಲಿ ಊರನ್ನೇ ಸುತ್ತುವರಿದ ಗೋಡೆ, ಹೊರಗೆ ಕಂದಕ. ಅದನ್ನೇ ಕಟ್ಟಿದೆವು. ಒಳಗೆ ಬೆಂಕಿಪೆಟ್ಟಿಗೆಯ ಮನೆಗಳು, ಒಂದು ಬಾವಿ, ಅವ್ವನ ತವರುಮನೆ, ಅದರ ಮುಂದೆ ಬೇವಿನ ಕಡ್ಡಿ. ತವರಿನ ಓಣಿ ಕಟ್ಟುವಾಗ ಅವ್ವ ಎಷ್ಟು ಮಾತಾಡಿದಳೆಂದರೆ, ಪುಣೆಗೆ ಬಂದ ಮೇಲೆ ನಾನು ಅಷ್ಟು ಕೇಳಿರಲಿಲ್ಲ.

"ಅಗಸಿ ಇಷ್ಟ ಅಗಲ ಯಾಕ ಬಿಟ್ಟಿ?" ಎಂದೆ, ಬಾಗಿಲು ತೋರಿಸಿ.

"ಮಂದಿ ಬರಬೇಕಲ್ಲ."

ಹಬ್ಬದ ಹಿಂದಿನ ಸಂಜೆ ಮಕ್ಕಳ ಹಿಂಡು ಬಂತು. ಮನೆ ಮಾಲೀಕರ ಮಗಳು ವೈಶಾಲಿ ಬಗ್ಗಿ ನೋಡಿ, "ಡೋಂಗರ್ ಕುಠಾಯ್?" ಎಂದಳು. ಗುಡ್ಡ ಎಲ್ಲಿ ಎಂದು. ಅವರು ಕಂಡ ಕಿಲ್ಲಾಗಳೆಲ್ಲ ಗುಡ್ಡದ ತುದಿಯಲ್ಲಿದ್ದವು. ಇದು ಕಿಲ್ಲಾನೇ ಅಲ್ಲ ಎಂದು ನಕ್ಕು ಹೊರಟುಹೋದರು.

ಅವ್ವ ಚಕ್ಕಲಿ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನಂದ್ರವ್ವಾ?"

"ಭಾಳ ಚಂದ ಅದ ಅಂದ್ರು."

ಅವ್ವ ನನ್ನ ಮುಖ ನೋಡಿ, ಆಮೇಲೆ ಎದುರು ಅಂಗಳದ ಗುಡ್ಡದ ಕಿಲ್ಲಾ ನೋಡಿ ಒಳಗೆ ಹೋದಳು.

ಮರುದಿನ ಎಣ್ಣೆಸ್ನಾನ ಮುಗಿಸಿ ಹೊರಬಂದರೆ ಕೋಟೆಯ ನಡುವೆ ಗುಡ್ಡ ಎದ್ದಿತ್ತು. ಅವ್ವನ ಹೊಸ ಸೀರೆಯ ಅಂಚಿಗೆಲ್ಲ ಕೆಸರು. ಓಣಿ, ಬಾವಿ, ಬೇವು ಯಾವುದೂ ಕಾಣಲಿಲ್ಲ.

"ಅವ್ವಾ, ನಿನ್ನ ಮನಿ?"

"ಅಲ್ಲೇ ಕೆಳಗ ಅದ ತಗೋ. ಹೋಗು, ಅವರನ್ನ ಕರ್ಕೊಂಡ ಬಾ."

ವೈಶಾಲಿ ಬಂದಳು. ತುದಿಯಲ್ಲಿ ತಾನೇ ಶಿವಾಜಿ ಮಹಾರಾಜರ ಗೊಂಬೆ ಕೂರಿಸಿದಳು. ಆಮೇಲೆ ನನ್ನ ಕೈ ಹಿಡಿದು ಮನೆಮನೆಯ ಕಿಲ್ಲಾ ತೋರಿಸಲು ಕರೆದೊಯ್ದಳು. ಸಂಜೆ ಹಿಂತಿರುಗಿದಾಗ ಅವ್ವ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಆ ಗುಡ್ಡವನ್ನು ನೋಡುತ್ತಿದ್ದಳು. ನನ್ನ ಒಂಟಿತನ ಅವತ್ತಿಗೆ ಮುಗಿಯಿತು. ಅವಳದು ಯಾವಾಗ ಮುಗಿಯಿತೋ, ನಾನು ಕೇಳಲಿಲ್ಲ.

ಈಗ ನಮ್ಮ ಕಟ್ಟಡದಲ್ಲಿ ಹಿಡಿ ಮಣ್ಣು ಸಿಗುವುದಿಲ್ಲ. ಅವ್ವನೂ ಇಲ್ಲ. ದೀಪಾವಳಿಗೆ ರಸ್ತೆ ಬದಿಯಲ್ಲಿ ಪ್ಲಾಸ್ಟರಿನ ಕಿಲ್ಲಾಗಳು ಬಣ್ಣ ಹಚ್ಚಿಸಿಕೊಂಡು ಸಾಲಾಗಿ ಕೂರುತ್ತವೆ. ಈ ಸಲ ಒಂದನ್ನು ಎತ್ತಿ, ತಿರುಗಿಸಿ, ಅಡಿಯಲ್ಲಿ ನೋಡಿದೆ. ಏನು ಹುಡುಕುತ್ತಿದ್ದೀರಿ ಎಂದು ಅಂಗಡಿಯವನು ಕೇಳಿದ. ಒಳಗೆಲ್ಲ ಪೊಳ್ಳು. ಯಾರ ಮನೆಯೂ ಇರಲಿಲ್ಲ.